ಹೇಂಟೆಯ ಹಳದಿ ಕಾಲು

ಬದಿಯಡ್ಕದ ಕಡೆಯ ಒಂದು ಶಾಲಾ ಮೈದಾನದಲ್ಲಿ ಕೋಳಿಗಳ ಪ್ರದರ್ಶನವಿತ್ತು. ಬೆಳಗ್ಗೆ ಒಂಬತ್ತಕ್ಕೆ ಹೋದವನು ಊಟದ ಹೊತ್ತು ಮೀರಿದರೂ ಅಲ್ಲಿಂದ ಕದಲಲಿಲ್ಲ. ಚಪ್ಪರದಡಿ ಸಾಲು ಸಾಲು ಗೂಡುಗಳು, ಒಂದು ಹುಂಜ ಕೂಗಿದರೆ ಸಾಲಿಗೆ ಸಾಲೇ ಓಗೊಡುವ ಗದ್ದಲ, ಮಲಯಾಳ, ತುಳು, ಕನ್ನಡ ಮೂರರಲ್ಲೂ ನಡೆಯುವ ಚೌಕಾಸಿ. ನಮ್ಮ ಕಡೆಯವರಿಗೆ ಕೋಳಿ ನೋಡುವ ಕಣ್ಣು ಚಿಕ್ಕಂದಿನಿಂದಲೇ ಪಳಗಿರುತ್ತದೆ. ಬಣ್ಣ ನೋಡಿ ಬೊಳ್ಳೆ, ಮೈರೆ, ಉರಿಯೆ ಎಂದು ಹುಂಜವನ್ನು ಕರೆಯುವ ತುಳುವಿನ ಪದಸಂಪತ್ತು ಕೋಳಿ ಅಂಕದ ಗದ್ದೆಯಲ್ಲಿ ಬೆಳೆದದ್ದು. ಕಾಲಿಗೆ ಕತ್ತಿ ಕಟ್ಟಿ ಕಾದಾಡಿಸುವುದು ನನಗೆ ಯಾವತ್ತೂ ಸರಿಕಂಡಿಲ್ಲ. ಆ ಕಣ್ಣು ಮತ್ತು ಆ ಹೆಸರುಗಳು ಮಾತ್ರ ಉಳಿಯಲೇಬೇಕು.

ಮೊದಲ ಸಾಲಿನಲ್ಲೇ ನೆರೆಯ ತಲಶ್ಶೇರಿ ಕೋಳಿ. ಮೈಯೆಲ್ಲ ಕಪ್ಪು. ಆದರೆ ಅದು ಕತ್ತು ಹೊರಳಿಸಿದಾಗ ಪುಕ್ಕದ ಮೇಲೆ ನೀಲಿ ಹೊಳಪೊಂದು ಹರಿದು ಮರೆಯಾಗುತ್ತದೆ. ಪುಕ್ಕದಲ್ಲಿ ನೀಲಿ ಬಣ್ಣದ ವಸ್ತುವೇನೂ ಇಲ್ಲ. ಸೂಕ್ಷ್ಮ ಎಳೆಗಳೊಳಗೆ ಮೆಲನಿನ್ ಎಂಬ ಕಪ್ಪು ವರ್ಣವಸ್ತುವಿನ ಕಣಗಳು ಒತ್ತೊತ್ತಾಗಿ ಪದರಗಟ್ಟಿ ಕೂತಿರುತ್ತವೆ. ಬೆಳಕು ಆ ಪದರಗಳಿಂದ ಮರಳುವಾಗ ಕೆಲವು ಬಣ್ಣಗಳು ಗಾಢವಾಗುತ್ತವೆ, ಕೆಲವು ಅಳಿಸಿಹೋಗುತ್ತವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಮೂಡುವುದೂ ಹೀಗೆಯೇ.

ಜುಟ್ಟುಗಳ ಕಡೆ ಕಣ್ಣು ಹಾಯಿಸಿದರೆ ಅಲ್ಲಿ ಇನ್ನೊಂದು ಕಥೆ. ಊರಿನ ಹುಂಜಕ್ಕೆ ಗರಗಸದಂತೆ ನೆಟ್ಟಗೆ ನಿಂತ ಒಂಟಿ ಜುಟ್ಟು. ಅಸೀಲ್ ತಳಿಯ ಹುಂಜಕ್ಕೆ ಬಟಾಣಿ ಕಾಳುಗಳನ್ನು ಮೂರು ಸಾಲಾಗಿ ಪೋಣಿಸಿ ಒತ್ತಿದಂತಹ ಗಿಡ್ಡ ಜುಟ್ಟು. ಗುಲಾಬಿ ಜುಟ್ಟು ಎನ್ನುವುದು ಅಗಲವಾಗಿ, ತರಿತರಿಯಾಗಿ, ಹಿಂದಕ್ಕೆ ಮೊನಚಾಗಿರುತ್ತದೆ. ಬಟಾಣಿ ಜುಟ್ಟಿನ ಶುದ್ಧ ತಳಿಗೂ ಗುಲಾಬಿ ಜುಟ್ಟಿನ ಶುದ್ಧ ತಳಿಗೂ ಮರಿ ಮಾಡಿಸಿದರೆ ಎರಡೂ ಅಲ್ಲದ, ಅಕ್ರೋಟಿನಂತಹ ಜುಟ್ಟು ಬರುತ್ತದೆ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಸರಾಸರಿ 16ರಲ್ಲಿ 9 ಅಕ್ರೋಟು, 3 ಗುಲಾಬಿ, 3 ಬಟಾಣಿ. ಉಳಿದ ಒಂದಕ್ಕೆ ಊರ ಕೋಳಿಯ ಒಂಟಿ ಜುಟ್ಟು! ಅಜ್ಜ-ಅಜ್ಜಿ ಯಾರಿಗೂ ಇಲ್ಲದ ಜುಟ್ಟು ಮೊಮ್ಮಗನ ತಲೆಯ ಮೇಲೆ. ಎರಡು ಬೇರೆ ಬೇರೆ ಜೀನುಗಳು ಸೇರಿ ಒಂದೇ ಅಂಗವನ್ನು ರೂಪಿಸುತ್ತವೆ ಎಂಬುದನ್ನು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಮತ್ತು ಪನ್ನೆಟ್ ಇಂತಹ ಜುಟ್ಟುಗಳಿಂದಲೇ ಕಂಡುಕೊಂಡರು. ಮೆಂಡಲ್ ಬಟಾಣಿ ಗಿಡದಲ್ಲಿ ಕಂಡ ಆನುವಂಶಿಕತೆಯ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆ ಎಂದು ಬೇಟ್ಸನ್ 1902ರಲ್ಲಿ ತೋರಿಸಿಕೊಟ್ಟದ್ದೂ ಕೋಳಿಯಲ್ಲೇ.

ಮಕ್ಕಳ ಗುಂಪು ನೆರೆದಿದ್ದದ್ದು ಸಿಲ್ಕಿ ಕೋಳಿಯ ಗೂಡಿನ ಮುಂದೆ. ಹತ್ತಿ ಹಿಂಜಿ ಮೆತ್ತಿದಂತಹ ಬಿಳಿ ಮೈ, ಕಾಲಿಗೆ ಐದೈದು ಬೆರಳು. ಸಾಮಾನ್ಯ ಪುಕ್ಕದ ಎಳೆಗಳಿಗೆ ಒಂದನ್ನೊಂದು ಹಿಡಿದುಕೊಳ್ಳುವ ಕೊಕ್ಕೆಗಳಿರುತ್ತವೆ. ಸಿಲ್ಕಿಯ ಎಳೆಗಳಿಗೆ ಆ ಹಿಡಿತವಿಲ್ಲ, ಹಾಗಾಗಿ ಪುಕ್ಕ ಹಾಳೆಯಾಗದೆ ಕೂದಲಂತೆ ಹರಡಿಕೊಳ್ಳುತ್ತದೆ. ಸಾಕಿದ ಹುಡುಗ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಎದೆಯ ಮೇಲೆ ಮೆಲ್ಲಗೆ ಊದಿದ. ಬಿಳಿ ರೋಮ ಎರಡಾಗಿ ಸೀಳಿ, ಒಳಗಿನ ಚರ್ಮ ಕಾಣಿಸಿತು: ನೇರಳೆ ಹಣ್ಣಿನ ಸಿಪ್ಪೆಯಷ್ಟು ಕಪ್ಪು. ಮಕ್ಕಳು ಮತ್ತೆ ಮತ್ತೆ ಊದಿಸಿದರು. ನಾನೂ ಬಗ್ಗಿ ನೋಡಿದೆ.

ಎರಡು ಗೂಡು ಆಚೆಗಿದ್ದ ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ತಳಿ; 2018ರಲ್ಲಿ ಅದರ ಕಪ್ಪು ಮಾಂಸಕ್ಕೆ ಆ ಊರಿನದೇ ಎಂಬ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ನೋಟಕ್ಕೆ ಇವೆರಡಕ್ಕೂ ಸಂಬಂಧವೇ ಇಲ್ಲ. ಆದರೆ ಚರ್ಮ ಕಪ್ಪಾಗಲು ಕಾರಣ ಎರಡರಲ್ಲೂ ಒಂದೇ. ಬಹು ಹಿಂದೆ ಯಾವುದೋ ಕೋಳಿಯ ವರ್ಣತಂತುವಿನ ಒಂದು ತುಂಡು ಇಮ್ಮಡಿಯಾಯಿತು. ಬಣ್ಣದ ಕೋಶಗಳನ್ನು ಬೆಳೆಸುವ ಜೀನ್ ಆ ತುಂಡಿನಲ್ಲಿತ್ತು. ಅಂದಿನಿಂದ ಆ ವಂಶದ ಭ್ರೂಣಗಳಲ್ಲಿ ಬಣ್ಣದ ಕೋಶಗಳು ಮಿತಿಮೀರಿ ಹೆಚ್ಚಿ, ಸಾಮಾನ್ಯವಾಗಿ ಹೋಗದ ಜಾಗಗಳಿಗೂ, ಮಾಂಸಖಂಡ, ಮೂಳೆಯ ಹೊದಿಕೆಗಳಿಗೂ ನುಗ್ಗುತ್ತವೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಯಾರೂ ತಿರುಗಿ ನೋಡದ ಒಂದು ಸಂಗತಿ, ಹಳದಿ ಕಾಲು. ಬಿಳಿ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್, ಎಷ್ಟೋ ತಳಿಗಳ ಕಾಲು ಅರಿಶಿನ ಬಳಿದಂತಿರುತ್ತದೆ. ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯೊಂದರಿಂದಲೇ ಬಂದವು ಎಂದು ಡಾರ್ವಿನ್ 1868ರಲ್ಲಿ ಬರೆದಿದ್ದ. ಅವನ ಮಾತು ಬಹುಮಟ್ಟಿಗೆ ನಿಜ. ಆಗ್ನೇಯ ಏಷ್ಯಾದ ಆ ಹಕ್ಕಿಯೇ ಮುಖ್ಯ ಪೂರ್ವಜ. ಆದರೆ ಕೆಂಪು ಕಾಡುಕೋಳಿಯ ಕಾಲು ಬೂದು. ಹಾಗಾದರೆ ಈ ಹಳದಿ ಎಲ್ಲಿಂದ ಬಂತು?

ಉತ್ತರ 2008ರಲ್ಲಿ ಸಿಕ್ಕಿತು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಸಂಗಡಿಗರು ಹಳದಿ ಚರ್ಮದ ಜೀನನ್ನು ಓದಿ ನೋಡಿದಾಗ ಅದು ಬೂದು ಕಾಡುಕೋಳಿಯ ಜೀನಿಗೆ ಹೊಂದಿಕೊಂಡಿತು. ಭಾರತ ಬಿಟ್ಟರೆ ಬೇರೆ ದೇಶಗಳ ಕಾಡುಗಳಲ್ಲಿಲ್ಲದ ಹಕ್ಕಿ ಅದು. ರಾಣಿಪುರದ ಬೆಟ್ಟದಲ್ಲಿ, ಘಟ್ಟದ ತಪ್ಪಲಿನ ತೋಟಗಳ ಅಂಚಿನಲ್ಲಿ ಬೆಳಗಿನ ಜಾವ ಕೂಗುವ, ಕತ್ತಿನ ಗರಿಗಳ ಮೇಲೆ ಅರಗಿನ ಹನಿ ಬಿದ್ದಂತೆ ಚುಕ್ಕೆಗಳಿರುವ ನಮ್ಮದೇ ಕಾಡುಕೋಳಿ! ಯಾವುದೋ ಕಾಲದಲ್ಲಿ, ಯಾವುದೋ ಮನೆಯ ಹಿತ್ತಿಲಿನ ಕೋಳಿಯೊಡನೆ ಅದು ಕೂಡಿರಬೇಕು. ಆ ಕೂಟದ ಗುರುತು ಇಂದು ಲೋಕದ ಕೋಟ್ಯಂತರ ಕೋಳಿಗಳ ಕಾಲಿನಲ್ಲಿದೆ.

ಜೋಳ ಮತ್ತು ಸೊಪ್ಪಿನಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಹಳದಿ ವಸ್ತುವನ್ನು ಎಲ್ಲ ಕೋಳಿಗಳೂ ತಿನ್ನುತ್ತವೆ. ಹಳದಿ ಕಾಲಿಲ್ಲದವುಗಳ ಚರ್ಮದಲ್ಲಿ ಒಂದು ಕಿಣ್ವ ಅದನ್ನು ಕತ್ತರಿಸಿ ಬಣ್ಣಗೆಡಿಸುತ್ತದೆ. ಕಾಡಿನಿಂದ ಬಂದ ಜೀನ್ ತಂದೆ-ತಾಯಿ ಇಬ್ಬರಿಂದಲೂ ಸಿಕ್ಕಿದ್ದರೆ ಚರ್ಮದಲ್ಲಿ ಆ ಕಿಣ್ವದ ಕೆಲಸ ಬಹುಪಾಲು ನಿಂತುಹೋಗಿ ಹಳದಿ ಉಳಿದುಕೊಳ್ಳುತ್ತದೆ.

ಕೊನೆಯ ಸಾಲಿನಲ್ಲಿ ಒಬ್ಬರು ಹೆಂಗಸು ರೋಡ್ ಐಲೆಂಡ್ ರೆಡ್ ಹೇಂಟೆಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದರು. ಅದರ ಕಾಲು ಅರಿಶಿನವಲ್ಲ, ತೊಳೆದ ಬಟ್ಟೆಯಂತೆ ಬಿಳುಚಿಕೊಂಡಿತ್ತು. "ಸೀಕು ಏನಾದರೂ ಇದೆಯೇ ಅಕ್ಕ?" ಎಂದು ಕೇಳಿದೆ. ಅವರು ನಕ್ಕು, ಕೊಕ್ಕು, ಕಣ್ಣಿನ ಸುತ್ತ, ಬಾಲದ ಅಡಿ ಎಲ್ಲವನ್ನೂ ಒಂದೊಂದಾಗಿ ತೋರಿಸಿದರು. ಎಲ್ಲಿಯೂ ಹಳದಿಯಿಲ್ಲ. ಮೊಟ್ಟೆ ಇಡಲು ತೊಡಗಿದ ಮೇಲೆ ಬಣ್ಣ ಮೊದಲು ಬಾಲದ ಅಡಿಯಿಂದ, ಆಮೇಲೆ ಕಣ್ಣಿನ ಸುತ್ತ, ಕೊಕ್ಕು, ಕಟ್ಟಕಡೆಗೆ ಕಾಲಿನಿಂದ ಇಳಿದುಹೋಗುತ್ತದೆ. ಕಾಲು ಇಷ್ಟು ಬಿಳುಚಬೇಕಾದರೆ ತಿಂಗಳುಗಟ್ಟಲೆ ಬಿಡದೆ ಮೊಟ್ಟೆ ಇಟ್ಟಿರಬೇಕು.

"ಸೀಕಲ್ಲ ಅಣ್ಣ, ಬಣ್ಣವೆಲ್ಲ ಮೊಟ್ಟೆಯೊಳಗಿನ ಹಳದಿ ಭಂಡಾರಕ್ಕೆ ಹೋಗಿದೆ," ಎಂದರು. "ಮೊಟ್ಟೆ ನಿಲ್ಲಿಸಿದ ಮೇಲೆ ಬಂದು ನೋಡಿ, ಕಾಲು ಪುನಃ ಹಳದಿಯಾಗಿರುತ್ತದೆ."