ಗೋಡೆಯ ಮೇಲಿನ 32

ಹಂದಿಯ ಗಬ್ಬದ ಲೆಕ್ಕ ಬಾಯಿಪಾಠ ಮಾಡಲು ಸುಲಭ: ಮೂರು ತಿಂಗಳು, ಮೂರು ವಾರ, ಮೂರು ದಿನ. ನನಗೆ ಇಷ್ಟವಾದ ಲೆಕ್ಕ ಇನ್ನೊಂದಿದೆ. ಗಂಡಿಗೆ ಬಿಟ್ಟ ಹಂದಿ ಮತ್ತೆ ಬೆದೆಗೆ ಬಂದರೆ, ಎಷ್ಟನೇ ದಿನಕ್ಕೆ ಬಂತು?

ಕೊಡಗಿನ ಪರಿಚಯದವರೊಬ್ಬರು ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಗೀಚಿಡುತ್ತಾರೆ. ಅವರ ಹಂದಿಯೊಂದು 32ನೇ ದಿನಕ್ಕೆ ಬೆದೆಗೆ ಬಂತು. "ಇದು ಗೊಡ್ಡು. ಯಾರದೋ ಕಣ್ಣು ಬಿದ್ದಿದೆ" ಎಂದು ಮಾರಲು ಹೊರಟರು. ನನಗೆ ತಡೆಯಲಾಗಲಿಲ್ಲ. ಕಣ್ಣಿನ ಮಾತು ಬಿಡಿ ಮಾರಾಯ್ರೆ, ಗೋಡೆ ನೋಡಿ!

ಬೆದೆ 21 ದಿನಕ್ಕೊಮ್ಮೆ ಬರುತ್ತದೆ. ಗಬ್ಬವೇ ನಿಲ್ಲದಿದ್ದರೆ 21ರ ಆಸುಪಾಸಿನಲ್ಲಿ ಬರಬೇಕು, ಅದು ಕಣ್ತಪ್ಪಿದರೆ 42ರ ಹೊತ್ತಿಗೆ. 32 ಎರಡಕ್ಕೂ ಹೊಂದುವುದಿಲ್ಲ. ಬಹುಶಃ ಗಬ್ಬ ನಿಂತು, ಆಮೇಲೆ ಹೋಗಿದೆ.

ಏಕೆಂದರೆ ಗರ್ಭಕೋಶ ಪ್ರತಿ ಸಲವೂ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಅದು ಅಂಡಾಶಯಕ್ಕೆ ಹೋಗಿ "ಮರಿ ಇಲ್ಲ, ಮುಂದಿನ ಬೆದೆಗೆ ತಯಾರಾಗು" ಎನ್ನುತ್ತದೆ. ಮರಿಗಳಿದ್ದರೆ ಸುಮಾರು 12ನೇ ದಿನಕ್ಕೆ ಅವು ಈಸ್ಟ್ರೊಜೆನ್ ಎಂಬ ಹಾರ್ಮೋನು ಬಿಟ್ಟು ಆ ಹರಿವನ್ನೇ ತಿರುಗಿಸುತ್ತವೆ. ಗದ್ದೆಯಲ್ಲಿ ಮಡೆ ಕಡಿದು ನೀರನ್ನು ಬೇರೆ ಕಡೆ ಬಿಡುತ್ತೇವಲ್ಲ, ಹಾಗೆ. ಪ್ರೊಸ್ಟಗ್ಲಾಂಡಿನ್ ರಕ್ತಕ್ಕೆ ಹೋಗದೆ ಗರ್ಭಕೋಶದ ಒಳಗೇ ಉಳಿಯುತ್ತದೆ. ಬರೆದ ಕಾಗದ ಅಂಚೆಗೆ ಬೀಳದೆ ಮೇಜಿನ ಡ್ರಾಯರಿನಲ್ಲೇ ಉಳಿದಂತೆ! ಈ ಕೆಲಸಕ್ಕೆ ಕನಿಷ್ಠ ನಾಲ್ಕು ಮರಿಗಳಾದರೂ ಬೇಕು. ಒಂದೆರಡರ ಕೂಗು ಗರ್ಭಕೋಶದ ಎರಡು ಉದ್ದನೆ ಕೊಂಬುಗಳಿಗೆ ಮುಟ್ಟುವುದಿಲ್ಲ. ಸಾಸಿವೆಯಷ್ಟಿದ್ದ ಭ್ರೂಣ ಕೆಲವೇ ದಿನದಲ್ಲಿ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದದ ದಾರವಾಗುವುದು ಸುಮ್ನೆ ಅಲ್ಲ.

ಹೀಗೆ ಮಡೆ ತಿರುಗಿದ ಮೇಲೆ ಮರಿಗಳು ಸತ್ತರೆ ಬೆದೆ ತಡವಾಗುತ್ತದೆ. ಪಾರ್ವೊ ವೈರಸ್ಸಿನಿಂದಲೂ ಹಾಗಾಗಬಹುದು, ವಿಪರೀತ ಸೆಕೆಯಿಂದಲೂ. ಆದರೆ ಪಟ್ಟಿಯಲ್ಲಿ ಬ್ರುಸೆಲ್ಲಾ ಸೂಯಿಸ್ ಎಂಬ ಬ್ಯಾಕ್ಟೀರಿಯ ಇರಲೇಬೇಕು. ಗಂಡಿನ ವೀರ್ಯದಲ್ಲೇ ಬರುತ್ತದೆ. 17ನೇ ದಿನಕ್ಕೇ ಕಂದು ಹಾಕಿಸಬಲ್ಲದು, ಅಂದರೆ ಗರ್ಭಪಾತ. ಅಷ್ಟು ಬೇಗ ಬಿದ್ದದ್ದು ಹುಲ್ಲಿನಲ್ಲಿ ಯಾರ ಕಣ್ಣಿಗೆ ಕಾಣುತ್ತದೆ? ಕಾಣುವುದು 30ರಿಂದ 45 ದಿನದೊಳಗೆ ಮರಳುವ ಬೆದೆ ಮಾತ್ರ.

ಈ ವಂಶದ ಕತೆ ಮಾಲ್ಟಾದಲ್ಲಿ ಶುರು. ಅಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ ಡೇವಿಡ್ ಬ್ರೂಸ್ 1887ರಲ್ಲಿ ಇದರ ಅಣ್ಣನನ್ನು ಕಂಡರು. ದನದಲ್ಲಿ ಕಂದು ಹಾಕಿಸುವ ತಮ್ಮನನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1897ರಲ್ಲಿ ಹಿಡಿದರು. ಹಂದಿಯದ್ದು 1914ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಜೇಕಬ್ ಟ್ರಾಮ್‌ಗೆ ಸಿಕ್ಕಿತು. ಮುಂದೆ ಅಮೆರಿಕದ ಸೇನೆ ಇದನ್ನೇ ಬಾಂಬಿಗೆ ತುಂಬಿತು, ನಂಬ್ತೀರಾ? ಮನುಷ್ಯರಿಗೂ ಅಂಟುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು ತರುತ್ತದೆ. ಬಿದ್ದ ಮರಿ, ಮಾಸನ್ನು ಬರಿಗೈಲಿ ಮುಟ್ಟಬಾರದು ಎನ್ನುವುದು ಅದಕ್ಕೇ. ಹಂದಿಗೆ ಔಷಧ ಕೊಟ್ಟು ಪೂರ್ತಿ ಗುಣಪಡಿಸುವ ಭರವಸೆಯಿಲ್ಲ. ಅದು ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ.

"ಗಂಡು ಯಾರದು?" ಎಂದು ಕೇಳಿದೆ. ಪಕ್ಕದೂರಿನದಂತೆ. "ಎರಡೂ ಬೀಜ ಒಂದೇ ಗಾತ್ರ ಇದ್ವಾ?"

"ಅದನ್ನೆಲ್ಲ ಯಾರು ನೋಡ್ತಾರೆ? ಗಟ್ಟಿಮುಟ್ಟಾಗಿತ್ತು."

ಸೋಂಕು ತಗುಲಿದ ಎಷ್ಟೋ ಗಂಡುಗಳು ಹಾಗೇ ಇರುತ್ತವೆ, ಬೀಜದಲ್ಲಿ ಊತವೂ ಇಲ್ಲ, ಜ್ವರವೂ ಇಲ್ಲ. ರಕ್ತ ಪರೀಕ್ಷೆಯೇ ಆಗಬೇಕು. ಹಂದಿ ಮಾರುವುದನ್ನು ನಿಲ್ಲಿಸಿ ಪಶುವೈದ್ಯರಿಗೆ ಫೋನ್ ಮಾಡಿದೆವು. ಅಷ್ಟರಲ್ಲಿ ಗಂಡು ಇನ್ನೆರಡು ಮನೆಗೆ ಹೋಗಿಬಂದಿತ್ತು. ಆ ಮನೆಗಳ ಗೋಡೆ ಮೇಲೆ ಯಾರೂ ತಾರೀಖು ಬರೆದಿರಲಿಲ್ಲ.