ಮೂರು ತಿಂಗಳಲ್ಲಿ ಬರುವುದು ಸಾಫ್ಟ್‌ವೇರ್ ಮಾತ್ರ

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಮುಗಿಸಿ, ಗ್ರಾಫಿಕ್ ಡಿಸೈನ್ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಕೋರೆಲ್‌ಡ್ರಾ, ಫೋಟೋಶಾಪ್‌ಗಳನ್ನು ನಮ್ಮೂರಿನಲ್ಲೇ ಮೂರು ತಿಂಗಳಲ್ಲಿ ಕಲಿಸುತ್ತಾರೆ. ಅದಕ್ಕೆ ನಾಲ್ಕು ವರ್ಷದ ಕಾಲೇಜು ಏಕೆ?

ಉತ್ತರ: ಫಲಿತಾಂಶದ ಬೆನ್ನಿಗೇ ಪ್ರತಿ ವರ್ಷ ಬರುವ ಪ್ರಶ್ನೆ ಇದು. ಈಗೀಗ ಫೋಟೋಶಾಪ್‌ನ ಜಾಗಕ್ಕೆ ಕ್ಯಾನ್ವಾ, ಎಐ ಬಂದಿವೆ. ವಾದ ಮಾತ್ರ ಅದೇ.

ಮೊದಲು ಸುಲಭದ್ದು. ಮೈಸೂರಿನ ಕಾವಾ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಬಿವಿಎ ಎಂಬ ದೃಶ್ಯಕಲಾ ಪದವಿಯಲ್ಲಿ ಅನ್ವಯಿಕ ಕಲೆ ಎಂಬ ವಿಭಾಗವಿದೆ, ಗ್ರಾಫಿಕ್ ಡಿಸೈನ್ ಕಲಿಸುವುದು ಅಲ್ಲಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ (ಎನ್‌ಐಡಿ) ಅದರದೇ ಪ್ರವೇಶ ಪರೀಕ್ಷೆ, ಐಐಟಿಗಳ ವಿನ್ಯಾಸ ಪದವಿ ಬಿ.ಡಿಸೈನ್‌ಗೆ ಯುಸೀಡ್ ಎಂಬ ಪರೀಕ್ಷೆ. ಪಿಯುಸಿಯಲ್ಲಿ ವಿಜ್ಞಾನವೇ ಆಗಬೇಕೆಂದೇನಿಲ್ಲ.

ಇನ್ನು ಆ ಮೂರು ತಿಂಗಳ ನಂಬಿಕೆ. ಯಾವುದಾದರೂ ಆಮಂತ್ರಣ ಪತ್ರಿಕೆಯಲ್ಲಿ ಕಡುಗೆಂಪು ಹಿನ್ನೆಲೆಯ ಮೇಲೆ ಬಿಳಿಯ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಪರದೆಯ ಮೇಲೆ ಅವು ಮುತ್ತು ಪೋಣಿಸಿದಂತಿದ್ದವು. ಅಚ್ಚು ಹಾಕುವ ಆಫ್‌ಸೆಟ್ ಯಂತ್ರದಲ್ಲಿ ಆ ಕೆಂಪು ಒಂದೇ ಬಣ್ಣವಲ್ಲ, ಬೇರೆ ಬೇರೆ ಪ್ಲೇಟುಗಳಿಂದ ಒಂದರ ಮೇಲೊಂದು ಬೀಳುವ ಶಾಯಿ. ಕಾಗದ ಕೂದಲೆಳೆಯಷ್ಟು ಜರುಗಿದರೂ ಬಿಳಿಯ ಗೆರೆಯೊಳಗೆ ಬಣ್ಣ ನುಗ್ಗುತ್ತದೆ, ಒತ್ತಕ್ಷರಗಳು ಮುಚ್ಚಿಕೊಳ್ಳುತ್ತವೆ. ಕಪ್ಪು ಅಕ್ಷರದ ಕಥೆಯೂ ಇದೇ: ಅಚ್ಚಿನ ನಾಲ್ಕೂ ಬಣ್ಣ (ನೀಲಿ, ಕೆಂಪು, ಹಳದಿ, ಕಪ್ಪು) ಬೆರೆಸಿ ಕಪ್ಪು ಮಾಡಿದರೆ ಅಂಚಿನಲ್ಲಿ ನೀಲಿಯೋ ಕೆಂಪೋ ಇಣುಕುತ್ತದೆ, ಕಪ್ಪು ಪ್ಲೇಟೊಂದರಲ್ಲೇ ಇಟ್ಟರೆ ಆ ತಾಪತ್ರಯವಿಲ್ಲ. ಸಾಫ್ಟ್‌ವೇರ್ ಎರಡನ್ನೂ ತಕರಾರಿಲ್ಲದೆ ಮಾಡಿಕೊಡುತ್ತದೆ. ಯಾವುದು ಬೇಡ ಎಂದು ಅದು ಹೇಳುವುದಿಲ್ಲ, ಅಲ್ಲೇ ಇರುವುದು ತೊಂದರೆ. ಪುಟದಲ್ಲಿ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಎಷ್ಟು ಜಾಗ ಖಾಲಿ ಬಿಡಬೇಕು, ಗ್ರಾಹಕರು ‘ಲೋಗೋ ಇನ್ನೂ ದೊಡ್ಡದು ಮಾಡಿ’ ಎಂದಾಗ ಏನು ಉತ್ತರ ಕೊಡಬೇಕು: ನಾಲ್ಕು ವರ್ಷ ಹಿಡಿಯುವುದು ಇದಕ್ಕೆ. ಬರೆದದ್ದನ್ನು ಹರಿದುಹಾಕಿ ಮತ್ತೆ ಬರೆಸುವ ಮೇಷ್ಟ್ರು ಮೂರು ತಿಂಗಳ ಕೋರ್ಸಿನಲ್ಲಿ ಸಿಗುವುದಿಲ್ಲ. ಬರೆಸಿದವನಾಗಿ ಹೇಳುತ್ತಿದ್ದೇನೆ.

ಹಾಗೆಂದು ಕಂಪ್ಯೂಟರ್ ಸೆಂಟರನ್ನು ಹಳಿಯುತ್ತಿಲ್ಲ. ಅಚ್ಚಿಗೆ ಪುಟ ಟೈಪ್ ಮಾಡಿ ಜೋಡಿಸುವ ಡಿಟಿಪಿ ಕೆಲಸಕ್ಕೆ ಅದು ಸಾಕು. ಆದರೆ ಪ್ಯಾಕೇಜಿಂಗ್, ಪತ್ರಿಕೆಯ ಪುಟವಿನ್ಯಾಸ, ಆ್ಯಪ್‌ಗಳ ಪರದೆ ವಿನ್ಯಾಸ, ಆಸ್ಪತ್ರೆ ಮತ್ತು ಮೆಟ್ರೊ ನಿಲ್ದಾಣಗಳ ದಾರಿಸೂಚಿ ಫಲಕ, ಜಾಹೀರಾತು, ಅನಿಮೇಷನ್ ಇವೆಲ್ಲ ಬೇರೆಯೇ ತಯಾರಿ ಕೇಳುತ್ತವೆ. 2010ರಲ್ಲಿ ಸರ್ಕಾರ ಒಪ್ಪಿಕೊಂಡ ರೂಪಾಯಿ ಚಿಹ್ನೆಯನ್ನು ರಚಿಸಿದ ಡಿ. ಉದಯ ಕುಮಾರ್ ಓದಿದ್ದು ಬಾಂಬೆ ಐಐಟಿಯ ವಿನ್ಯಾಸ ಕೇಂದ್ರದಲ್ಲಿ.

ಯಾರೂ ಕೇಳದ ಇನ್ನೊಂದು ಮಾತು: ಕನ್ನಡ ಅಕ್ಷರ ಬಲ್ಲ ವಿನ್ಯಾಸಕರು ಎಲ್ಲಿದ್ದಾರೆ? ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅಂಗಡಿಗಳವರು ಇಂಗ್ಲಿಷ್ ಹೆಸರನ್ನು ಚಂದವಾಗಿ ಕೂರಿಸಿ, ಕನ್ನಡವನ್ನು ಸಿಕ್ಕಿದ ಫಾಂಟಿನಲ್ಲಿ ಅಡ್ಡಕ್ಕೆ ಎಳೆದು ಹಿಗ್ಗಿಸಿ ಅಳತೆ ತುಂಬಿಸಿದರು. ಎರಡು ಸಾಲಿನ ಹೆಸರಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಅಚ್ಚಿನ ಮನೆಗಳಲ್ಲಿ ನುಡಿ ಫಾಂಟು, ಯೂನಿಕೋಡ್ ಫಾಂಟು ಒಂದಕ್ಕೊಂದು ಹೊಂದದೆ ಅಕ್ಷರ ಕೆಟ್ಟೀತೆಂಬ ಭಯಕ್ಕೆ ಇವತ್ತಿಗೂ ‘ಕರ್ವ್ ಮಾಡಿ ಕಳಿಸಿ’, ಅಂದರೆ ಅಕ್ಷರವನ್ನು ಬರೀ ಚಿತ್ರದ ಗೆರೆಯಾಗಿಸಿ ಕಳಿಸಿ, ಎನ್ನುತ್ತಾರೆ. ಕರ್ವ್ ಆದ ಮೇಲೆ ಕಾಗುಣಿತದ ತಪ್ಪು ಕಂಡರೆ ಮತ್ತೆ ಮೊದಲಿನಿಂದ ಶುರು. ಈ ಕೆಲಸ ಬಲ್ಲವರು ಕಡಿಮೆ.

ಪ್ರವೇಶ ಪರೀಕ್ಷೆಗೆ ಹೇಗೂ ಕೈ ಪಳಗಿಸಬೇಕು. ಮಗಳಿಗೆ ಚಪ್ಪಟೆ ಮೊನೆಯ ಒಂದು ಕಟ್‌ನಿಬ್ ಪೆನ್ನು ಕೊಡಿಸಿ, ಸ್ತ್ರ, ಕ್ಷ್ಮ, ರ್ಕ ಬರೆಯಲು ಹೇಳಿ.