ಸರ್ವೆಯವರು ಬಂದು ಹೋದ ಮೇಲೆ ಊರಿಗೆ ಏನು ಸಿಗುತ್ತದೆ?

ಪ್ರಶ್ನೆ: "ಮಣ್ಣು ತಗೊಂಡು ಹೋದ್ರು, ಹೊಲದಲ್ಲಿ ನಿಂತು ಫೋಟೊ ಹೊಡ್ಕೊಂಡ್ರು, ಬೆಳೆ ಕೊಯ್ದು ತೂಕ ಹಾಕಿದ್ರು. ಇಷ್ಟೆಲ್ಲ ಲೆಕ್ಕ ಬರ್ಕೊಂಡು ಹೋದ್ರೆ ಹಳ್ಳಿಯವರ ಕೈಗೆ ನಾಲ್ಕು ಕಾಸು ಬರುತ್ತಾ, ಇಲ್ಲಾ ಇದೆಲ್ಲ ಆಫೀಸಿನ ಫೈಲಿಗಾ?"

ಬರುತ್ತದೆ. ಆದರೆ ಬರೆದುಕೊಂಡು ಹೋದ ಲೆಕ್ಕ ಊರಿಗೆ ವಾಪಸ್ ಬರಬೇಕು, ಅದು ಸರಿ ಇದೆಯಾ ಅಂತ ಊರಿನವರು ನೋಡಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ನೀವು ಹೇಳಿದ ಹಾಗೆ ಫೈಲಿಗೇ ಹೋಗುತ್ತದೆ.

ಮೊದಲು ಮಣ್ಣಿನ ವಿಷಯ. 2009ರಲ್ಲಿ ನಮ್ಮ ಕೃಷಿ ಇಲಾಖೆ, ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಜೊತೆ ಸೇರಿ ಭೂಚೇತನ ಯೋಜನೆ ಶುರು ಮಾಡಿತು. ಮಳೆ ನಂಬಿದ ಹೊಲಗಳಿಗಾಗಿ ಮಾಡಿದ ಕೆಲಸ ಇದು. ರಾಜ್ಯದಲ್ಲಿ 90 ಸಾವಿರಕ್ಕೂ ಜಾಸ್ತಿ ಹೊಲಗಳ ಮಣ್ಣು ಪರೀಕ್ಷೆ ಆಯಿತು. ಯೂರಿಯಾ, ಡಿಎಪಿ ಹಾಕ್ತಾನೇ ಇದ್ದರೂ ಇಳುವರಿ ಯಾಕೆ ಏರುತ್ತಿಲ್ಲ ಅನ್ನೋದಕ್ಕೆ ಅಲ್ಲಿ ಕಾರಣ ಸಿಕ್ಕಿತು. ಅರ್ಧಕ್ಕಿಂತ ಜಾಸ್ತಿ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕಡಿಮೆ ಇದ್ದವು. ಹಿಂದೆ ಹಾಕುತ್ತಿದ್ದ ಸೂಪರ್ ಫಾಸ್ಫೇಟ್‌ನಲ್ಲಿ ರಂಜಕದ ಜೊತೆ ಗಂಧಕವೂ ಇರುತ್ತಿತ್ತು, ಡಿಎಪಿಯಲ್ಲಿ ಅದಿಲ್ಲ. ಗೊಬ್ಬರ ಬದಲಾಗಿದ್ದು ಎಲ್ಲರಿಗೂ ಗೊತ್ತಿತ್ತು, ಅದರ ಜೊತೆ ಗಂಧಕ ಬರೋದು ನಿಂತಿದ್ದು ಮಾತ್ರ ಯಾರ ಗಮನಕ್ಕೂ ಬಂದಿರಲಿಲ್ಲ.

ಪರಿಹಾರ ದುಬಾರಿಯದ್ದಲ್ಲ. ಜಿಪ್ಸಂ, ಸತುವಿನ ಸಲ್ಫೇಟ್, ಒಂದಿಷ್ಟು ಬೋರಾಕ್ಸ್. ಇವನ್ನು ಅರ್ಧ ಬೆಲೆಗೆ ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟರು, ಯಾವ ಊರಿಗೆ ಎಷ್ಟು ಹಾಕಬೇಕು ಅನ್ನೋದನ್ನು ಊರಿನ ಗೋಡೆಗಳ ಮೇಲೆ ಬರೆಸಿದರು, ತಿಳಿಸಿ ಹೇಳೋಕೆ ಊರಿನವರನ್ನೇ ರೈತ ಅನುವುಗಾರರು ಅಂತ ತಗೊಂಡರು. ನನಗೆ ಈ ಯೋಜನೆಯಲ್ಲಿ ತುಂಬಾ ಇಷ್ಟವಾಗಿದ್ದು ಆ ಗೋಡೆ ಬರಹ. ಪ್ರಯೋಗಾಲಯದ ವರದಿ ಬಸ್ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಬಂದಾಗ ನಾಲ್ಕು ಜನ ನಿಂತು ಓದುತ್ತಾರೆ, ಜಗಳಾನೂ ಆಡುತ್ತಾರೆ. ಆಗಬೇಕಾದ್ದೇ ಅದು.

ಲಾಭ ಆಯಿತಾ ಅಂತ ನೋಡೋಕೆ ಅಕ್ಕಪಕ್ಕದ ಎರಡು ತುಂಡು ಹೊಲ ತಗೊಂಡರು. ಒಂದರಲ್ಲಿ ರೈತನ ಹಳೇ ಪದ್ಧತಿ, ಇನ್ನೊಂದರಲ್ಲಿ ಹೊಸದು. ಅದೇ ಮಳೆ, ಅದೇ ರೈತ. "ಆ ವರ್ಷ ಮಳೆ ಚೆನ್ನಾಗಿತ್ತು, ಅದಕ್ಕೇ ಬೆಳೆ ಬಂತು" ಅನ್ನೋಕೆ ಅಲ್ಲಿ ಜಾಗ ಇಲ್ಲ. ಬೆಳೆಗೆ ತಕ್ಕಂತೆ ಇಳುವರಿ ಶೇ 20ರಿಂದ 66ರಷ್ಟು ಏರಿತು ಅಂತ ಯೋಜನೆಯ ವರದಿಗಳು ಹೇಳಿದವು. ಎಲ್ಲರ ಹೊಲದಲ್ಲೂ ಇಷ್ಟೇ ಬರುತ್ತದೆ ಅಂತ ನಾನು ಹೇಳೋದಿಲ್ಲ, ಹೊಲದಿಂದ ಹೊಲಕ್ಕೆ ಮಣ್ಣು ಬೇರೆ. ಬೋರಾನ್ ಅಂತೂ ಸ್ವಲ್ಪ ಜಾಸ್ತಿ ಬಿದ್ದರೂ ಬೆಳೆಗೆ ವಿಷ. ಆದ್ದರಿಂದ ಪಕ್ಕದವರು ಹಾಕಿದರು ಅಂತ ನೀವೂ ಹಾಕಬೇಡಿ. ಬದುವಿನ ಹತ್ತಿರ, ಮರದ ಕೆಳಗೆ, ತಿಪ್ಪೆ ಹಾಕಿದ ಜಾಗ ಬಿಟ್ಟು ಎಂಟು ಹತ್ತು ಕಡೆ ಗೇಣುದ್ದ ಅಗೆದು ಮಣ್ಣು ತೆಗೆಯಿರಿ. ಎಲ್ಲ ಕಲಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಎಸೆಯಿರಿ. ಅರ್ಧ ಕೆಜಿ ಉಳಿಯೋವರೆಗೂ ಹೀಗೇ ಮಾಡಿ ಪರೀಕ್ಷೆಗೆ ಕೊಡಿ. ಒಂದೇ ಮೂಲೆಯಿಂದ ಬೊಗಸೆ ಮಣ್ಣು ತುಂಬಿ ಕೊಟ್ಟರೆ ಬರೋದು ಆ ಮೂಲೆಯ ಲೆಕ್ಕ, ನಿಮ್ಮ ಹೊಲದ್ದಲ್ಲ.

ಇನ್ನು ಬೆಳೆ ಕೊಯ್ದು ತೂಕ ಹಾಕಿದ್ದು. ಇದನ್ನು ದಯವಿಟ್ಟು ಗಮನವಿಟ್ಟು ಓದಿ.

ಅದು ಬೆಳೆ ಕಟಾವು ಪ್ರಯೋಗ. ಫಸಲ್ ಬಿಮಾ ಅಂದ್ರೆ ಬೆಳೆ ವಿಮೆ, ಅದರಲ್ಲಿ ಒಂದು ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ, ಅಂದ್ರೆ ಇಡೀ ಪಂಚಾಯಿತಿಗೆ ಒಂದೇ ಲೆಕ್ಕ ಆಗಿದ್ದರೆ ಕನಿಷ್ಠ ನಾಲ್ಕು ಕಡೆ ಕಟಾವು ಮಾಡಬೇಕು ಅಂತ ನಿಯಮ. ಬಹುತೇಕ ಬೆಳೆಗಳಿಗೆ ಅಳತೆ 5 ಮೀಟರ್ ಉದ್ದ, 5 ಮೀಟರ್ ಅಗಲ. ಗೂಟ ಹೊಡೆದು, ಹಗ್ಗ ಕಟ್ಟಿ, ಒಳಗಿದ್ದಷ್ಟನ್ನು ಕೊಯ್ದು, ಬಡಿದು, ತೂಗುತ್ತಾರೆ. ಒಂದು ಕಡೆ 25 ಚದರ ಮೀಟರ್ ಅಂದ್ರೆ ನಾಲ್ಕು ಕಡೆ ಸೇರಿ 100 ಚದರ ಮೀಟರ್. ಹೆಚ್ಚುಕಡಿಮೆ ಒಂದು ಗುಂಟೆ. ಇಡೀ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಕಟ್ಟಿದ ಎಲ್ಲರ ಪರಿಹಾರ ಬಹುಮಟ್ಟಿಗೆ ಆ ಒಂದು ಗುಂಟೆಯ ತೂಕದ ಮೇಲೆ ನಿಂತಿರುತ್ತದೆ! ಹಗ್ಗ ಅರ್ಧ ಅಡಿ ಸಡಿಲವಾದರೆ, ಒದ್ದೆ ಕಾಳು ತೂಗಿ ಬರೆದುಬಿಟ್ಟರೆ, ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ, ಪರಿಹಾರ ಇಳಿಯುತ್ತದೆ. ಅವತ್ತು ನಮ್ಮ ಕಡೆ ಎಷ್ಟು ಜನ ಅಲ್ಲಿ ನಿಂತು ನೋಡುತ್ತಾರೆ? ಹೊಲದ ಮಾಲೀಕರು, ಇನ್ನೊಬ್ಬರು. ಇಡೀ ಊರೇ ಬಂದು ನಿಲ್ಲಬೇಕಾದ ದಿನ ಅದು ಅಲ್ವಾ?

ಫೋಟೊ ತೆಗೆದಿದ್ದು ಬೆಳೆ ಸಮೀಕ್ಷೆಗೆ. ಅದು ಪಹಣಿಗೆ ಹೋಗುತ್ತದೆ. ಬೆಂಬಲ ಬೆಲೆಗೆ ಮಾರೋಕೆ ಹೋದಾಗ, ಬೆಳೆ ಹಾನಿ ಪರಿಹಾರಕ್ಕೆ, ವಿಮೆಗೆ ಅದನ್ನೇ ನೋಡುತ್ತಾರೆ. ನಮ್ಮ ಚಿಕ್ಕಪ್ಪ ಒಂದು ವರ್ಷ ತೊಗರಿ ಸಾಲಿನ ನಡುವೆ ಹೆಸರುಕಾಳು ಹಾಕಿದ್ದರು. ಸಮೀಕ್ಷೆಯಲ್ಲಿ ಹೆಸರುಕಾಳು ಮಾತ್ರ ದಾಖಲಾಯಿತು. ಜನವರಿಯಲ್ಲಿ ತೊಗರಿ ಚೀಲ ಕಟ್ಟಿಕೊಂಡು ಬೆಂಬಲ ಬೆಲೆಗೆ ನೋಂದಣಿ ಮಾಡಿಸೋಕೆ ಹೋದರೆ, ನಿಮ್ಮ ಹೊಲದಲ್ಲಿ ತೊಗರಿಯೇ ಇಲ್ಲವಲ್ಲ ಅಂದರು. ಮನೆಯಲ್ಲಿ ಚೀಲ ತುಂಬಿ ನಿಂತಿದೆ, ಕಂಪ್ಯೂಟರಿನಲ್ಲಿ ತೊಗರಿ ಇಲ್ಲ. ಕೊನೆಗೆ ವ್ಯಾಪಾರಿಗೆ ಕಡಿಮೆ ಬೆಲೆಗೆ ಕೊಟ್ಟರು. ಅವರ ಮುಖ ನನಗೆ ಇನ್ನೂ ನೆನಪಿದೆ.

ಲೆಕ್ಕ ಸರಿಯಾಗಿದ್ದರೆ ದೊಡ್ಡ ಮಟ್ಟದಲ್ಲೂ ದುಡ್ಡು ಹರಿದು ಬರುತ್ತದೆ. ರಾಜ್ಯದಲ್ಲಿ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡೋಕೆ ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ಜಿಲ್ಲೆಯ ಸರಾಸರಿ ನೋಡದೆ ತಾಲ್ಲೂಕು ತಾಲ್ಲೂಕನ್ನೇ ಅಳೆಯಿತು. ಆಗಿನ 175ರಲ್ಲಿ 114 ಹಿಂದುಳಿದಿದ್ದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ವಿಶೇಷ ಅಭಿವೃದ್ಧಿ ಯೋಜನೆಗೆ ಆ ಪಟ್ಟಿಯೇ ಆಧಾರವಾಯಿತು.

ನೀವು ಈಗ ಮಾಡಬಹುದಾದ್ದು ಸುಲಭ. ಬೆಳೆ ಸಮೀಕ್ಷೆಯ ವಿವರ ತೋರಿಸೋ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ಯಾವ ಬೆಳೆ ಬರೆದಿದ್ದಾರೆ ನೋಡಿ. ಅಕ್ಕಡಿ ಬೆಳೆ, ಅಂದ್ರೆ ಸಾಲಿನ ನಡುವೆ ಹಾಕಿದ ಬೆಳೆ ಇದ್ದರೆ ಎರಡೂ ಇದೆಯಾ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ, ಬೆಳೆ ಹೊಲದಲ್ಲಿ ನಿಂತಿರುವಾಗಲೇ ಹಾಕಿ. ಕೊಯ್ಲಾದ ಮೇಲೆ ತೋರಿಸೋಕೆ ಕೂಳೆ ಬಿಟ್ಟರೆ ಬೇರೇನೂ ಇರೋದಿಲ್ಲ.